ಅಂಕಿ ಸರಿ, ಹೆಸರು ತಪ್ಪು: ಕಡಲ ಉಪ್ಪಿನಿಂದ ಭೂಮಿಯ ವಯಸ್ಸು ಎಣಿಸಿದ ಕತೆ

ಸಾಗರ ರಸಾಯನಶಾಸ್ತ್ರ ಓದಲು ಸೇರಿದ ವಿದ್ಯಾರ್ಥಿ ಶುರುವಿನಲ್ಲೇ ಮಾಡಿ ನೋಡಬೇಕಾದ ಒಂದು ಲೆಕ್ಕವಿದೆ. ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾದಷ್ಟು ಸುಲಭದ ಲೆಕ್ಕ. ಕಡಲುಗಳಲ್ಲಿ ಒಟ್ಟು ಎಷ್ಟು ಸೋಡಿಯಂ ಕರಗಿದೆ? ಜಗತ್ತಿನ ನದಿಗಳೆಲ್ಲ ಸೇರಿ ವರ್ಷಕ್ಕೆ ಎಷ್ಟು ಸೋಡಿಯಂ ತಂದು ಸುರಿಯುತ್ತವೆ? ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು, ಅಷ್ಟೆ. ಉತ್ತರ ಕೆಲವು ಕೋಟಿ ವರ್ಷ ಎಂದು ಬರುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಈ ವರ್ಷಗಳು ಯಾವುದರ ವರ್ಷಗಳು?

ಇದೇ ಭಾಗಾಕಾರವನ್ನು 1899ರಲ್ಲಿ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಭೂವಿಜ್ಞಾನದ ಪ್ರಾಧ್ಯಾಪಕ ಜಾನ್ ಜೋಲಿ ಮಾಡಿದರು. ಬಂದ ಉತ್ತರಕ್ಕೆ ಅವರು ‘ಭೂಮಿಯ ವಯಸ್ಸು’ ಎಂದು ಹೆಸರಿಟ್ಟರು. ಅಂಕಿ ಹೆಚ್ಚುಕಮ್ಮಿ ಸರಿಯಾಗಿತ್ತು, ಹೆಸರು ಪೂರ್ತಿ ತಪ್ಪಾಗಿತ್ತು. ಆ ತಪ್ಪು ಬಗೆಹರಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಕಡಲ ನೀರನ್ನೂ ಕಡಲತಳದ ಕೆಸರನ್ನೂ ಒಂದೇ ವಿಷಯವಾಗಿ ಓದಬೇಕು ಎಂಬ ತಿಳಿವಳಿಕೆ ಬಹುಪಾಲು ಈ ತಪ್ಪನ್ನು ಬಿಡಿಸುತ್ತಾ ಹೋದ ದಾರಿಯಲ್ಲೇ ಗಟ್ಟಿಯಾಯಿತು.

ಈ ಯೋಚನೆ ಜೋಲಿಯವರಿಗೆ ಮೊದಲು ಹೊಳೆದದ್ದಲ್ಲ. ಧೂಮಕೇತುವಿನಿಂದಾಗಿ ನಮಗೆಲ್ಲ ಹೆಸರು ಗೊತ್ತಿರುವ ಎಡ್ಮಂಡ್ ಹ್ಯಾಲಿ 1715ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದಿದ್ದರು. ಹೊರಹರಿವಿಲ್ಲದ ಸರೋವರಗಳು ಉಪ್ಪಾಗಿರುತ್ತವೆ. ನದಿಗಳು ಅಲ್ಪಸ್ವಲ್ಪ ಉಪ್ಪು ತಂದು ಹಾಕುತ್ತವೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಕಡಲೂ ಅಂಥದ್ದೇ ಒಂದು ದೊಡ್ಡ ಸರೋವರವಲ್ಲವೇ? ಹಾಗಾದರೆ ಇಂದು ಕಡಲಿನ ಉಪ್ಪನ್ನು ಅಳೆದಿಟ್ಟು, ಕೆಲವು ಶತಮಾನಗಳ ನಂತರ ಮತ್ತೆ ಅಳೆದರೆ, ಏರಿಕೆಯ ವೇಗದಿಂದ ಜಗತ್ತಿನ ವಯಸ್ಸು ಗೊತ್ತಾಗಬೇಕು. ಪ್ರಾಚೀನ ಗ್ರೀಕರಾಗಲಿ ರೋಮನ್ನರಾಗಲಿ ಎರಡು ಸಾವಿರ ವರ್ಷಗಳ ಹಿಂದೆ ಇಂಥದ್ದೊಂದು ಅಳತೆ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹ್ಯಾಲಿ ಹಳಹಳಿಸಿದರು. ಜಗತ್ತು ಜನ ಅಂದುಕೊಂಡದ್ದಕ್ಕಿಂತ ಬಹಳ ಹಳೆಯದು ಎಂದು ಈ ಅಳತೆ ತೋರಿಸೀತು ಎಂಬುದು ಅವರ ಊಹೆ. ಆದರೆ ಅಳೆಯುವ ವಿಧಾನ ಆಗ ಇರಲಿಲ್ಲ. ಕಡಲಿನಲ್ಲಿ ಯಾವ ಯಾವ ಉಪ್ಪುಗಳಿವೆ ಎಂಬುದೇ ತಿಳಿದಿರಲಿಲ್ಲ.

ಅದು ತಿಳಿಯುತ್ತಾ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1819ರಲ್ಲಿ ಲಂಡನ್ನಿನ ವೈದ್ಯ ಅಲೆಕ್ಸಾಂಡರ್ ಮಾರ್ಸೆಟ್ ಬೇರೆಬೇರೆ ಕಡಲುಗಳ ನೀರನ್ನು ಪರೀಕ್ಷಿಸಿ ಒಂದು ವಿಚಿತ್ರವನ್ನು ಗುರುತಿಸಿದರು. ನೀರು ಹೆಚ್ಚು ಉಪ್ಪಾಗಿರಬಹುದು, ಕಡಿಮೆ ಉಪ್ಪಾಗಿರಬಹುದು. ಆದರೆ ಅದರೊಳಗಿನ ಲವಣಗಳ ಪರಸ್ಪರ ಪ್ರಮಾಣ ಎಲ್ಲ ಕಡೆಯೂ ಒಂದೇ. ಒಂದೇ ಮನೆಯ ಸಾರು ಒಂದು ದಿನ ತೆಳ್ಳಗೆ, ಇನ್ನೊಂದು ದಿನ ಗಟ್ಟಿಯಾಗಿದ್ದರೂ ಅದೇ ಸಾರಿನ ಪುಡಿ ಇದ್ದಂತೆ. 1865ರಲ್ಲಿ ಡೆನ್ಮಾರ್ಕಿನ ಯೋಹಾನ್ ಗಿಯೋರ್ಗ್ ಫೋರ್ಚ್‌ಹಾಮರ್ ನೂರಾರು ಮಾದರಿಗಳನ್ನು ಪರೀಕ್ಷಿಸಿ ಇದನ್ನು ಇನ್ನಷ್ಟು ಗಟ್ಟಿಮಾಡಿದರು. ಅದೇ ಬರಹದಲ್ಲಿ ಫೋರ್ಚ್‌ಹಾಮರ್ ಇನ್ನೊಂದು ಮಾತನ್ನೂ ಬರೆದಿದ್ದರು. ಆ ಮಾತಿಗೆ ಆಮೇಲೆ ಬರೋಣ. ಅದು ಈ ಕತೆಯ ಬೀಗದ ಕೈ.

ಆದರೆ ಇವೆಲ್ಲ ಹೆಚ್ಚಾಗಿ ಕಡಲ ಮೇಲ್ಮೈಯಿಂದ ತುಂಬಿಕೊಂಡು ಬಂದ ನೀರು. ಮೈಲಿಗಟ್ಟಲೆ ಆಳದ ನೀರು, ಅದರಡಿಯ ನೆಲ ಹೇಗಿವೆ? ಅದನ್ನು ನೋಡಲೆಂದೇ 1872ರ ಡಿಸೆಂಬರಿನಲ್ಲಿ ಎಚ್.ಎಂ.ಎಸ್. ಚಾಲೆಂಜರ್ ಇಂಗ್ಲೆಂಡಿನಿಂದ ಹೊರಟಿತು. ಯುದ್ಧನೌಕೆಯ ಹೆಚ್ಚಿನ ಫಿರಂಗಿಗಳನ್ನು ಕಳಚಿ ಆ ಜಾಗದಲ್ಲಿ ಪ್ರಯೋಗಾಲಯಗಳನ್ನು ಕಟ್ಟಲಾಗಿತ್ತು. ವಿಜ್ಞಾನಿಗಳ ತಂಡದ ಮುಖ್ಯಸ್ಥರು ಚಾರ್ಲ್ಸ್ ವೈವಿಲ್ ಥಾಮ್ಸನ್. ರಸಾಯನದ ಕೆಲಸ ಜಾನ್ ಯಂಗ್ ಬುಕಾನನ್ ಅವರದು. ಕಡಲತಳದ ಕೆಸರಿಗೆ ಮನಸ್ಸು ಕೊಟ್ಟವರು ಜಾನ್ ಮರ್ರೆ. ಮೂರೂವರೆ ವರ್ಷ, ಸುಮಾರು 69,000 ನಾಟಿಕಲ್ ಮೈಲಿ, 362 ನಿಲ್ದಾಣಗಳು. ಪ್ರತಿ ನಿಲ್ದಾಣದಲ್ಲೂ ಅದೇ ಕೆಲಸ: ಹಗ್ಗಕ್ಕೆ ಭಾರ ಕಟ್ಟಿ ಇಳಿಸುವುದು, ಆಳ ಅಳೆಯುವುದು, ನೀರು ಹಿಡಿಯುವುದು, ಕೆಸರು ಕೆರೆದು ಮೇಲೆತ್ತುವುದು. ಆಳದ ಕಡಲಿನಲ್ಲಿ ಒಂದು ಸಲ ಇಳಿಸಿ ಎತ್ತಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ನಾವಿಕರಿಗೆ ಅದು ಬೇಸರದ ದುಡಿಮೆ. ಮರ್ರೆಗೆ ಮಾತ್ರ ಆ ಕೆಸರು ಓದಬೇಕಾದ ಬರಹದಂತೆ ಕಂಡಿತು.

ಅವರು ಕಂಡದ್ದು ಇದು. ದಡದಿಂದ ದೂರದ ಕಡಲತಳದ ಬಹುಭಾಗದಲ್ಲಿ ಬೆಳ್ಳಗಿನ ನಯವಾದ ಕೆಸರು. ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಅದೆಲ್ಲ ಗ್ಲೋಬಿಜೆರಿನಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪು. ಮೇಲಿನ ನೀರಿನಲ್ಲಿ ಬದುಕಿ ಸತ್ತ ಜೀವಿಗಳು ಮಳೆಯಂತೆ ಕೆಳಗೆ ಉದುರಿ ಈ ಹಾಸನ್ನು ಮಾಡಿವೆ. ಆದರೆ ಇನ್ನೂ ಆಳಕ್ಕೆ, ನಾಲ್ಕೈದು ಕಿಲೋಮೀಟರಿನ ಕೆಳಗೆ ಹೋದಂತೆ ಈ ಬಿಳಿ ಕೆಸರು ತೆಳುವಾಗುತ್ತಾ ಹೋಗಿ ಕೊನೆಗೆ ಕಾಣೆಯಾಗುತ್ತದೆ. ಅಲ್ಲಿ ಉಳಿಯುವುದು ಕೆಂಪು ಜೇಡಿಮಣ್ಣು, ಅದರಲ್ಲಿ ಅಲ್ಲಲ್ಲಿ ಶಾರ್ಕ್ ಹಲ್ಲುಗಳು, ತಿಮಿಂಗಿಲದ ಕಿವಿಯ ಮೂಳೆಗಳು, ಆಲೂಗಡ್ಡೆ ಗಾತ್ರದ ಮ್ಯಾಂಗನೀಸ್ ಗಡ್ಡೆಗಳು. ಚಿಪ್ಪುಗಳು ಅಲ್ಲೂ ಉದುರುತ್ತವೆ; ಆದರೆ ಆಳದ ತಣ್ಣನೆಯ ನೀರು ಅವನ್ನು ಕರಗಿಸಿಬಿಡುತ್ತದೆ. ಅಂದರೆ ಕಡಲು ಕೆಸರಿಗೆ ಸುಣ್ಣ ಕೊಡುತ್ತದೆ, ಕೆಲವು ಕಡೆ ಕೊಟ್ಟದ್ದನ್ನು ಮತ್ತೆ ಕಿತ್ತುಕೊಳ್ಳುತ್ತದೆ. ಮರ್ರೆ ಮತ್ತು ಬೆಲ್ಜಿಯಂನ ಆಲ್ಫಾನ್ಸ್ ರೆನಾರ್ ಸೇರಿ 1891ರಲ್ಲಿ ಪ್ರಕಟಿಸಿದ ಆಳಗಡಲಿನ ಹೂಳಿನ ವರದಿ ಈ ಶಾಸ್ತ್ರದ ಮೊದಲ ದೊಡ್ಡ ಗ್ರಂಥ.

ಹಡಗು ತಂದ ನೀರಿನ 77 ಮಾದರಿಗಳು ಗ್ಲಾಸ್ಗೋ ನಗರದ ರಸಾಯನಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಡಿಟ್ಮಾರ್ ಅವರ ಕೈ ಸೇರಿದವು. ಅವರ ವರದಿ 1884ರಲ್ಲಿ ಬಂತು. ಯಾವ ಸಾಗರವಾದರೇನು, ಎಷ್ಟು ಆಳವಾದರೇನು, ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಬದಲಾಗುವುದಿಲ್ಲ. ಒಂದೇ ಒಂದು ಸಣ್ಣ ವ್ಯತ್ಯಾಸ ಮಾತ್ರ ಅವರ ಕಣ್ಣಿಗೆ ಬಿತ್ತು: ಆಳದ ನೀರಿನಲ್ಲಿ ಕ್ಯಾಲ್ಸಿಯಂ ತುಸು ಹೆಚ್ಚು. ಮರ್ರೆ ಕೆಸರಿನಲ್ಲಿ ಕಾಣೆಯಾದದ್ದನ್ನು ಗುರುತಿಸಿದ ಸುಣ್ಣ ಡಿಟ್ಮಾರರ ಶೀಶೆಯಲ್ಲಿ ಕಾಣಿಸಿಕೊಂಡಿತ್ತು. ನೀರು ಮತ್ತು ಕೆಸರು ಒಂದೇ ಲೆಕ್ಕದ ಎರಡು ಬದಿಗಳು ಎಂಬುದರ ಸುಳಿವು ಇದು.

ಇದೇ ಯಾನದ ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. 1868ರಲ್ಲಿ ಡಾರ್ವಿನ್ನರ ಗೆಳೆಯ ಥಾಮಸ್ ಹಕ್ಸ್‌ಲಿ, ವರ್ಷಗಳ ಹಿಂದೆ ಅಟ್ಲಾಂಟಿಕ್ ತಳದಿಂದ ತಂದು ಮದ್ಯಸಾರದಲ್ಲಿ ಇಟ್ಟಿದ್ದ ಕೆಸರಿನಲ್ಲಿ ಲೋಳೆಯಂಥ ಪದಾರ್ಥವನ್ನು ಕಂಡರು. ಅದು ಕಡಲತಳವನ್ನೆಲ್ಲ ಆವರಿಸಿರುವ ಆದಿಮ ಜೀವವೆಂದು ಭಾವಿಸಿ ‘ಬ್ಯಾಥಿಬಿಯಸ್’ ಎಂದು ಹೆಸರಿಟ್ಟರು. ಚಾಲೆಂಜರ್ ತಂಡ ಎಷ್ಟು ಹುಡುಕಿದರೂ ಹಸಿ ಕೆಸರಿನಲ್ಲಿ ಅದು ಸಿಗಲಿಲ್ಲ. ಮದ್ಯಸಾರದಲ್ಲಿಟ್ಟ ಮಾದರಿಗಳಲ್ಲಿ ಮಾತ್ರ ಲೋಳೆ ಹುಟ್ಟುತ್ತಿತ್ತು. ಬುಕಾನನ್ ಪರೀಕ್ಷಿಸಿ ನೋಡಿದರೆ ಅದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ. ಮದ್ಯಸಾರ ಕಡಲ ನೀರಿನೊಡನೆ ಬೆರೆತಾಗ ಒತ್ತರಿಸಿ ಬಂದ ಉಪ್ಪು. ಸುದ್ದಿ ತಲುಪಿದ ಮೇಲೆ ಹಕ್ಸ್‌ಲಿ 1875ರಲ್ಲಿ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಲೋಳೆ ಇದ್ದದ್ದು ನಿಜ. ತಪ್ಪಿದ್ದು ಅದಕ್ಕಿಟ್ಟ ಹೆಸರಿನಲ್ಲಿ.

ಇನ್ನು ಜೋಲಿಯವರ ಕಾಲಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭೂಮಿಯ ವಯಸ್ಸು ಎಂಬುದು ದೊಡ್ಡ ಜಗಳದ ವಿಷಯವಾಗಿತ್ತು. ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್, ಕಾದು ಕರಗಿದ್ದ ಭೂಮಿ ಆರುತ್ತಾ ಬಂದ ವೇಗವನ್ನು ಎಣಿಸಿ 1862ರಲ್ಲಿ 2ರಿಂದ 40 ಕೋಟಿ ವರ್ಷ ಎಂದಿದ್ದರು. 1897ರ ಹೊತ್ತಿಗೆ ಅವರು ಅದನ್ನು 2ರಿಂದ 4 ಕೋಟಿಗೆ ಇಳಿಸಿದ್ದರು. ಬೆಟ್ಟಗಳು ಸವೆದು ಹೂಳು ಪದರಪದರವಾಗಿ ಬಂಡೆಯಾಗುವುದನ್ನು ನೋಡುತ್ತಿದ್ದ ಭೂವಿಜ್ಞಾನಿಗಳಿಗೂ, ಜೀವವಿಕಾಸಕ್ಕೆ ಬಹುಕಾಲ ಬೇಕೆನ್ನುತ್ತಿದ್ದ ಡಾರ್ವಿನ್ ಪಂಥದವರಿಗೂ ಇದು ಉಸಿರುಗಟ್ಟಿಸುವ ಅವಧಿ. ಆದರೆ ಕೆಲ್ವಿನ್ನರ ಗಣಿತಕ್ಕೆ ಎದುರಾಗಿ ಇಡಲು ಅವರ ಬಳಿ ಗಟ್ಟಿಯಾದ ಅಂಕಿಯಿರಲಿಲ್ಲ.

ಜೋಲಿ ಆ ಅಂಕಿಯನ್ನು ತಂದರು. ಆಗ ಅವರಿಗೆ ನಲವತ್ತೊಂದು ವರ್ಷ; ಬಣ್ಣದ ಛಾಯಾಚಿತ್ರ ತೆಗೆಯುವ ಒಂದು ವಿಧಾನವನ್ನೂ ಕಂಡುಹಿಡಿದಿದ್ದ ಚುರುಕು ಮನುಷ್ಯ. ಅವರ ತರ್ಕ ಸರಳವಾಗಿತ್ತು. ಕಡಲಿಗೆ ಬರುವ ಕ್ಯಾಲ್ಸಿಯಂ ಚಿಪ್ಪಾಗಿ ಕೆಸರಿಗೆ ಹೋಗುತ್ತದೆ, ಆದ್ದರಿಂದ ಅದು ಲೆಕ್ಕಕ್ಕೆ ಬಾರದು. ಆದರೆ ಸೋಡಿಯಂ ಅನ್ನು ಯಾವ ಜೀವಿಯೂ ಚಿಪ್ಪು ಕಟ್ಟಿಕೊಳ್ಳಲು ಬಳಸುವುದಿಲ್ಲ, ಅದು ಸುಲಭವಾಗಿ ಒತ್ತರಿಸುವುದೂ ಇಲ್ಲ. ಬಂದದ್ದೆಲ್ಲ ನೀರಿನಲ್ಲೇ ಉಳಿಯುತ್ತದೆ ಎಂದು ಇಟ್ಟುಕೊಳ್ಳಬಹುದು. ಕಡಲಿನಲ್ಲಿರುವ ಸೋಡಿಯಂ ಸುಮಾರು 14,000 ಲಕ್ಷ ಕೋಟಿ ಟನ್. ನದಿಗಳು ತರುವುದೆಷ್ಟು ಎನ್ನಲು ಅವರು ನೆಚ್ಚಿದ್ದು ಅದೇ ಜಾನ್ ಮರ್ರೆ 1887ರಲ್ಲಿ 19 ನದಿಗಳ ನೀರಿನ ವಿಶ್ಲೇಷಣೆಯಿಂದ ಮಾಡಿದ್ದ ಅಂದಾಜನ್ನು: ವರ್ಷಕ್ಕೆ ಸುಮಾರು 15.7 ಕೋಟಿ ಟನ್. ಭಾಗಿಸಿದರೆ 9 ಕೋಟಿ ವರ್ಷ. ಆದಿಯ ಕಡಲಿನಲ್ಲೇ ಇದ್ದಿರಬಹುದಾದ ಸೋಡಿಯಂಗೆ ಒಂದಿಷ್ಟು ಕಳೆದರು. ಕಡಲ ತುಂತುರಿನಿಂದ ಗಾಳಿಗೇರಿ, ಮಳೆಯೊಡನೆ ನೆಲಕ್ಕೆ ಬಿದ್ದು, ಮತ್ತೆ ನದಿ ಸೇರುವ ಉಪ್ಪಿಗೆಂದು ನದಿಯ ಲೆಕ್ಕದಲ್ಲಿ ಶೇಕಡಾ 10ರಷ್ಟು ತಗ್ಗಿಸಿದರು. ಕೊನೆಯಲ್ಲಿ ಅವರ ತೀರ್ಮಾನ 8ರಿಂದ 9 ಕೋಟಿ ವರ್ಷ.

ಇದನ್ನು ಓದಿ ನಗುವುದು ಸುಲಭ, ಆದರೆ ನ್ಯಾಯವಲ್ಲ. ಕೈಯಲ್ಲಿದ್ದ ಅತ್ಯುತ್ತಮ ಅಳತೆಗಳನ್ನು ತೆಗೆದುಕೊಂಡು, ಕಾಣುವ ಆಕ್ಷೇಪಗಳಿಗೆಲ್ಲ ತಿದ್ದುಪಡಿ ಮಾಡಿ, ಲೆಕ್ಕವನ್ನು ಎಲ್ಲರೆದುರು ಬಿಡಿಸಿಟ್ಟಿದ್ದರು ಜೋಲಿ. ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದಿತ್ತು. ಅನೇಕರು ಮಾಡಿಯೂ ನೋಡಿದರು. ಅಂಕಿ ಸ್ವಲ್ಪ ಆಚೀಚೆ ಆಯಿತೇ ಹೊರತು ಬುಡ ಅಲುಗಲಿಲ್ಲ. ಹಲವು ವರ್ಷ ಭೂವಿಜ್ಞಾನಿಗಳ ಕೈಯಲ್ಲಿದ್ದ ಮುಖ್ಯ ಗಡಿಯಾರಗಳಲ್ಲಿ ಇದೂ ಒಂದಾಗಿತ್ತು.

ಬುಡ ಅಲುಗಿಸಿದ್ದು ವಿಕಿರಣಶೀಲತೆ. ಯುರೇನಿಯಂ ಒಂದು ಗೊತ್ತಾದ ವೇಗದಲ್ಲಿ ಕ್ಷಯಿಸಿ ಸೀಸವಾಗುತ್ತದೆ. ಬಂಡೆಯೊಂದರಲ್ಲಿ ಎರಡರ ಪ್ರಮಾಣ ಅಳೆದರೆ ಬಂಡೆಯ ವಯಸ್ಸು ಸಿಗುತ್ತದೆ. 1907ರಲ್ಲಿ ಅಮೆರಿಕದ ಬರ್ಟ್ರಾಂ ಬೋಲ್ಟ್‌ವುಡ್, 1911ರಲ್ಲಿ ಇಂಗ್ಲೆಂಡಿನ ಇನ್ನೂ ಎಳೆಯ ಸಂಶೋಧಕ ಆರ್ಥರ್ ಹೋಮ್ಸ್ ಹೀಗೆ ಅಳೆದಾಗ ಬಂದ ಅಂಕಿಗಳು ನೂರು ಕೋಟಿ ವರ್ಷವನ್ನು ದಾಟಿದವು. ಸೋಜಿಗವೆಂದರೆ ಬಂಡೆಗಳಲ್ಲಿನ ವಿಕಿರಣಶೀಲತೆಯನ್ನು ಆಳವಾಗಿ ಅಧ್ಯಯನ ಮಾಡಿದವರಲ್ಲಿ ಜೋಲಿಯೂ ಒಬ್ಬರು. 1909ರಲ್ಲಿ ಆ ವಿಷಯದ ಮೇಲೆ ಪುಸ್ತಕ ಬರೆದರು, 1913ರಲ್ಲಿ ರುದರ್‌ಫೋರ್ಡ್ ಜೊತೆ ಲೇಖನ ಪ್ರಕಟಿಸಿದರು, ಕ್ಯಾನ್ಸರ್ ಚಿಕಿತ್ಸೆಗೆ ರೇಡಿಯಂ ಬಳಸುವ ‘ಡಬ್ಲಿನ್ ವಿಧಾನ’ಕ್ಕೆ ಕಾರಣರಾದರು. ಆದರೂ ಯುರೇನಿಯಂ ಗಡಿಯಾರವನ್ನು ಅವರು ಪೂರ್ತಿ ನಂಬಲಿಲ್ಲ. ಹಿಂದಿನ ಕಾಲದಲ್ಲಿ ಕ್ಷಯದ ವೇಗ ಬೇರೆಯೇ ಇದ್ದಿರಬಹುದೆಂದು ವಾದಿಸಿದರು. 1933ರಲ್ಲಿ ಅವರು ತೀರಿಕೊಂಡರು. 1956ರಲ್ಲಿ ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸವನ್ನು ಅಳೆದು ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದರು. ಇಂದಿಗೂ ಅದೇ ಉಳಿದಿದೆ.

ಹಾಗಾದರೆ ಉಪ್ಪಿನ ಲೆಕ್ಕ ಏನಾಯಿತು? ಕಸದ ಬುಟ್ಟಿಗೆ ಹೋಗಲಿಲ್ಲ. 1952ರಲ್ಲಿ ನಾರ್ವೆಯ ಭೂರಸಾಯನ ವಿಜ್ಞಾನಿ ಟಾಮ್ ಬಾರ್ಥ್ ಅದೇ ಭಾಗಾಕಾರವನ್ನು ಕೈಗೆತ್ತಿಕೊಂಡು ಅದರ ಉತ್ತರಕ್ಕೆ ಬೇರೆ ಹೆಸರಿಟ್ಟರು. ಅದನ್ನು ಕನ್ನಡದಲ್ಲಿ ‘ತಂಗುವ ಕಾಲ’ ಎನ್ನಬಹುದು. ಒಂದು ವಿದ್ಯಾರ್ಥಿನಿಲಯವನ್ನು ನೆನೆಸಿಕೊಳ್ಳಿ. ಅಲ್ಲಿ 300 ಹುಡುಗರಿದ್ದಾರೆ. ಪ್ರತಿ ವರ್ಷ 100 ಹೊಸಬರು ಸೇರುತ್ತಾರೆ. 300ನ್ನು 100ರಿಂದ ಭಾಗಿಸಿದರೆ 3. ಸೇರಿದವರು ಯಾರೂ ಬಿಟ್ಟು ಹೋಗಿಲ್ಲ ಎಂದು ನಂಬಿದವನು, ಈ ನಿಲಯ ಶುರುವಾಗಿ ಮೂರು ವರ್ಷವಾಯಿತು ಎನ್ನುತ್ತಾನೆ. ಆದರೆ ಹಿಂದಿನ ಬಾಗಿಲಿನಿಂದ ವರ್ಷಕ್ಕೆ 100 ಹುಡುಗರು ಓದು ಮುಗಿಸಿ ಹೋಗುತ್ತಿರುವುದು ಗೊತ್ತಿದ್ದವನಿಗೆ ಆ ಮೂರರ ಅರ್ಥವೇ ಬೇರೆ: ಒಬ್ಬ ಹುಡುಗ ಅಲ್ಲಿ ಸರಾಸರಿ ಮೂರು ವರ್ಷ ತಂಗುತ್ತಾನೆ. ನಿಲಯಕ್ಕೆ ಎಂಬತ್ತು ವರ್ಷವಾಗಿರಬಹುದು, ನೂರಾಗಿರಬಹುದು. ಈ ಲೆಕ್ಕದಿಂದ ಅದು ತಿಳಿಯುವುದಿಲ್ಲ. ಜೋಲಿ ಎಣಿಸಿದ್ದು ಕಡಲಿನ ವಯಸ್ಸನ್ನಲ್ಲ, ಸೋಡಿಯಂ ಕಡಲಿನಲ್ಲಿ ತಂಗುವ ಕಾಲವನ್ನು. ಇಂದಿನ ಅಂದಾಜುಗಳಲ್ಲಿ ಅದು ಸುಮಾರು 5ರಿಂದ 8 ಕೋಟಿ ವರ್ಷ. ಜೋಲಿಯವರ ಅಂಕಿಯಿಂದ ಇದು ಬಹಳ ದೂರವಿಲ್ಲ.

ಹೆಸರು ಬದಲಾದದ್ದೇ ತಡ, ಹಳೆಯ ಒಗಟುಗಳು ಬಿಡಿಸಿಕೊಂಡವು. ಕಡಲಿನ ನೀರೆಲ್ಲ ಒಂದು ಸುತ್ತು ಕಲಸಿಕೊಳ್ಳಲು ಸುಮಾರು ಸಾವಿರ ವರ್ಷ ಬೇಕು. ಸೋಡಿಯಂ ಕೋಟಿಗಟ್ಟಲೆ ವರ್ಷ, ಮೆಗ್ನೀಸಿಯಂ ಒಂದು ಕೋಟಿಗೂ ಹೆಚ್ಚು ವರ್ಷ, ಕ್ಯಾಲ್ಸಿಯಂ ಸುಮಾರು ಹತ್ತು ಲಕ್ಷ ವರ್ಷ ಕಡಲಿನಲ್ಲಿ ತಂಗುತ್ತವೆ. ಹೊರಹೋಗುವ ಮೊದಲು ಇವು ಸಾವಿರಾರು ಸಲ ಕಲಸಿಹೋಗಿರುತ್ತವೆ. ಡಿಟ್ಮಾರರ 77 ಶೀಶೆಗಳಲ್ಲೂ ಒಂದೇ ಪ್ರಮಾಣ ಕಂಡದ್ದು ಇದಕ್ಕೇ. ಅಲ್ಯುಮಿನಿಯಂ, ಕಬ್ಬಿಣಗಳ ಕತೆ ಬೇರೆ. ಅವು ಕಡಲಿನಲ್ಲಿ ಹೆಚ್ಚೆಂದರೆ ಕೆಲವು ನೂರು ವರ್ಷ ಇದ್ದು ಕೆಸರಿಗೆ ಇಳಿದುಬಿಡುತ್ತವೆ. ಕಲಸಿಕೊಳ್ಳಲು ಪುರಸೊತ್ತಿಲ್ಲ, ಆದ್ದರಿಂದ ಅವುಗಳ ಪ್ರಮಾಣ ಒಂದೊಂದು ಕಡಲಿನಲ್ಲಿ ಒಂದೊಂದು ರೀತಿ.

ಈಗ ಫೋರ್ಚ್‌ಹಾಮರರ ಆ ಇನ್ನೊಂದು ಮಾತು. ಕಡಲ ನೀರಿನಲ್ಲಿ ಒಂದೊಂದು ಧಾತು ಎಷ್ಟಿದೆ ಎಂಬುದು ನದಿಗಳು ಅದನ್ನು ಎಷ್ಟು ತರುತ್ತವೆ ಎಂಬುದನ್ನು ಅನುಸರಿಸುವುದಿಲ್ಲ. ಕಡಲು ಅದನ್ನು ಎಷ್ಟು ಸುಲಭವಾಗಿ ಕರಗದ ರೂಪಕ್ಕೆ ತಿರುಗಿಸಿ ಹೊರಹಾಕುತ್ತದೆ ಎಂಬುದನ್ನು ಅನುಸರಿಸುತ್ತದೆ ಎಂದು ಅವರು 1865ರಲ್ಲೇ ಬರೆದಿದ್ದರು. ಸುಲಭವಾಗಿ ಹೊರಹೋಗುವುದು ಕಡಿಮೆ ಉಳಿಯುತ್ತದೆ, ಹೋಗಲೊಲ್ಲದ್ದು ಹೆಚ್ಚು ಉಳಿಯುತ್ತದೆ. ಹಿಂಬಾಗಿಲು ಇದೆ ಎಂಬುದನ್ನು ಜೋಲಿಯವರ ಲೆಕ್ಕಕ್ಕಿಂತ ಮೂವತ್ತನಾಲ್ಕು ವರ್ಷ ಮೊದಲೇ ಹೇಳಿಯಾಗಿತ್ತು. ಸೋಡಿಯಂಗೂ ಅದು ಅನ್ವಯಿಸುತ್ತದೆ ಎಂದು ಕಾಣಲು ಇಷ್ಟು ಕಾಲ ಬೇಕಾಯಿತು.

ಸೋಡಿಯಂ ಹೋಗುವ ಹಿಂಬಾಗಿಲು ಎಲ್ಲಿದೆ? ಒಂದನ್ನು ನಮ್ಮ ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಕಣ್ಣಾರೆ ನೋಡಬಹುದು. ಅಘನಾಶಿನಿಯ ಅಳಿವೆಯಿಂದ ಉಪ್ಪುನೀರನ್ನು ಒಳಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ಕಡಲ ನೀರು ಎಲ್ಲೇ ಇಂಗಲಿ, ಮೊದಲು ಕೂರುವುದು ಸುಣ್ಣ, ಆಮೇಲೆ ಜಿಪ್ಸಂ, ನೀರು ಹತ್ತರಲ್ಲೊಂದು ಪಾಲಿಗೆ ಇಳಿದಾಗ ಅಡುಗೆ ಉಪ್ಪು. ಕೊನೆಗೆ ಉಳಿಯುವುದು ಮೆಗ್ನೀಸಿಯಂ ತುಂಬಿದ ಕಹಿ ನೀರು. ಇದೇ ಕೆಲಸ ಭೂಮಿಯ ಇತಿಹಾಸದಲ್ಲಿ ಇಡೀ ಒಂದು ಕಡಲಿನ ಅಳತೆಯಲ್ಲಿ ನಡೆದಿದೆ. 1970ರಲ್ಲಿ ಗ್ಲೋಮಾರ್ ಚಾಲೆಂಜರ್ ಎಂಬ ಕೊರೆಯುವ ಹಡಗು ಮೆಡಿಟರೇನಿಯನ್ ತಳವನ್ನು ಕೊರೆದಾಗ ಜಿಪ್ಸಂ ಮತ್ತು ಉಪ್ಪಿನ ಪದರಗಳು ಮೇಲೆ ಬಂದವು. ಸುಮಾರು 60 ಲಕ್ಷ ವರ್ಷಗಳ ಹಿಂದೆ ಅಟ್ಲಾಂಟಿಕ್ ಕಡೆಯ ಬಾಗಿಲು ಮುಚ್ಚುತ್ತಾ ಬಂದು ಆ ಕಡಲು ಬಹುಮಟ್ಟಿಗೆ ಉಪ್ಪಿನ ಆಗರವಾಗಿತ್ತು. ಅಲ್ಲಿ ಹೂತಿರುವ ಉಪ್ಪು ಹತ್ತು ಲಕ್ಷ ಘನ ಕಿಲೋಮೀಟರಿಗೂ ಹೆಚ್ಚು. ಉಪ್ಪಿನ ಪದರಗಳು ಪುರಾತನ ಕಡಲಿನಿಂದ ಹೊರಬಿದ್ದ ಸೋಡಿಯಂ; ಅವುಗಳಲ್ಲಿ ಕೆಲವು ಮುಂದೆ ನೆಲವಾಗಿ ಮೇಲೆದ್ದು, ಮಳೆಗೆ ಕರಗಿ, ಮತ್ತೆ ನದಿ ಸೇರುತ್ತವೆ.

ಮಿಕ್ಕ ಬಾಗಿಲುಗಳು ಕಣ್ಣಿಗೆ ಕಾಣುವುದಿಲ್ಲ. ನದಿ ತಂದ ಜೇಡಿಮಣ್ಣಿನ ಕಣ ಉಪ್ಪುನೀರಿಗೆ ಇಳಿಯುತ್ತಿದ್ದಂತೆ ತಾನು ಹಿಡಿದಿದ್ದ ಕ್ಯಾಲ್ಸಿಯಂ ಬಿಟ್ಟು ಸೋಡಿಯಂ ಹಿಡಿದುಕೊಳ್ಳುತ್ತದೆ. ತಳಕ್ಕೆ ಕೂರುವ ಹೂಳು ತನ್ನ ಸಂದುಗಳಲ್ಲಿ ಕಡಲ ನೀರನ್ನೇ ಸೆರೆಹಿಡಿಯುತ್ತದೆ. 1966ರಲ್ಲಿ ಅಮೆರಿಕದ ಫ್ರೆಡ್ ಮೆಕೆಂಜಿ ಮತ್ತು ರಾಬರ್ಟ್ ಗ್ಯಾರೆಲ್ಸ್ ನದಿಯ ಆವಕವನ್ನೂ ಕಡಲಿನ ಜಾವಕವನ್ನೂ ಎದುರುಬದುರು ಬರೆದು ನೋಡಿ, ಲೆಕ್ಕ ಕೂಡಬೇಕಾದರೆ ಕೆಸರಿನೊಳಗೆ ಹೊಸ ಜೇಡಿಖನಿಜಗಳು ಹುಟ್ಟುತ್ತಿರಬೇಕು ಎಂದರು. ನೆಲದ ಮೇಲೆ ಬಂಡೆ ಕರಗುವುದರ ತಿರುಗುಮುರುಗು ಇದು. ಬಹಳ ಕಾಲ ಪುರಾವೆ ಸಿಗಲಿಲ್ಲ. 1995ರಲ್ಲಿ ಅಮೆಜಾನ್ ಮುಖಜಭೂಮಿಯ ಕೆಸರಿನಲ್ಲಿ ಅಂಥ ಖನಿಜಗಳು ತಿಂಗಳು-ವರ್ಷಗಳ ಅವಧಿಯಲ್ಲೇ ಹುಟ್ಟುವುದು ಕಂಡಿತು. ನಡುವೆ 1977ರಲ್ಲಿ ಗಲಾಪಗೋಸ್ ಬಳಿ ಸುಮಾರು 2,500 ಮೀಟರ್ ಆಳದಲ್ಲಿ, ಆಲ್ವಿನ್ ಎಂಬ ಜಲಾಂತರ್ಗಾಮಿಯಲ್ಲಿ ಕುಳಿತು ವಿಜ್ಞಾನಿಗಳು ಕಡಲತಳದ ಬಿಸಿನೀರಿನ ಬುಗ್ಗೆಗಳನ್ನು ಕಂಡರು. ಸುದ್ದಿಯಾದದ್ದು ಅಲ್ಲಿನ ವಿಚಿತ್ರ ಜೀವಿಗಳು. ರಸಾಯನ ವಿಜ್ಞಾನಿಗಳು ಮಾತ್ರ ನೀರಿನ ಶೀಶೆಗಳ ಮೇಲೆ ಕಣ್ಣಿಟ್ಟಿದ್ದರು. ಬಿಸಿ ಬಂಡೆಯ ಮೂಲಕ ಹಾದುಬಂದ ಕಡಲ ನೀರು ತನ್ನ ಮೆಗ್ನೀಸಿಯಂ ಅನ್ನು ಬಂಡೆಗೆ ಒಪ್ಪಿಸಿ ಬರುತ್ತದೆ ಎಂದು ಗೊತ್ತಾಯಿತು. ಮೆಗ್ನೀಸಿಯಂ ಎಲ್ಲಿಗೆ ಹೋಗುತ್ತದೆ ಎಂದು ದಶಕಗಳಿಂದ ಕಾಡಿದ್ದ ಪ್ರಶ್ನೆಗೆ ದೊಡ್ಡ ಉತ್ತರ ಸಿಕ್ಕಿತು.

ಈ ಲೆಕ್ಕದ ಆವಕದ ಬದಿ ನಮ್ಮ ಕರಾವಳಿಯಲ್ಲಿ ಮನೆಮನೆಯ ಗೋಡೆಯಲ್ಲಿದೆ. ಅಲ್ಲಿ ಮನೆ ಕಟ್ಟುವ ಕೆಂಪು ಮುರಕಲ್ಲು ಲಕ್ಷಾಂತರ ವರ್ಷ ಮಳೆಯಲ್ಲಿ ತೊಯ್ದ ಬಂಡೆಯ ಅವಶೇಷ. ಘಟ್ಟದ ಮಳೆ ಅದರ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿ ಹೊಳೆಗಳ ಮೂಲಕ ಅರಬ್ಬೀ ಸಮುದ್ರಕ್ಕೆ ಸಾಗಿಸಿತು. ಕರಗಲೊಲ್ಲದ ಕಬ್ಬಿಣ, ಅಲ್ಯುಮಿನಿಯಂ ಹಿಂದೆ ಉಳಿದವು. ನೆಲದ ಮೇಲೆ ಕರಗದೆ ಉಳಿದ ಈ ಎರಡೇ ಕಡಲಿನಲ್ಲೂ ಬೇಗ ಕೆಸರಿಗಿಳಿಯುವುದು. ಇದೇ ಕಡಲಿನ ನೀರು-ಕೆಸರುಗಳನ್ನು ಕ್ರಮವಾಗಿ ನೋಡಿದ ಮೊದಲ ಯಾನಗಳಲ್ಲಿ 1933–34ರ ಮಬಾಹಿಸ್ ಹಡಗಿನದೂ ಒಂದು. ಈಜಿಪ್ಟಿನ ಆ ಹಡಗಿನ ಯಾನ ಜಾನ್ ಮರ್ರೆ ಬಿಟ್ಟುಹೋದ ಹಣದಿಂದಲೇ ನಡೆದದ್ದು, ಅದಕ್ಕೆ ಅವರದೇ ಹೆಸರು. ಅರಬ್ಬೀ ಸಮುದ್ರದ ನಡುವಿನ ಆಳದಲ್ಲಿ ಆಮ್ಲಜನಕ ತೀರಾ ಕಡಿಮೆ ಎಂಬುದನ್ನು ಆ ತಂಡ ಅಳೆದು ದಾಖಲಿಸಿತು. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದ ಬೆನ್ನಿಗೆ 1966ರಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ಕೇಂದ್ರ ಗೋವಾದಲ್ಲಿದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ಮರ್ರೆ ಕೆಸರನ್ನು ಓದಿದ ಹಾಗೆ ಓದುವುದನ್ನು ನಮ್ಮ ಹುಡುಗರು-ಹುಡುಗಿಯರು ಅಲ್ಲಿ ಕಲಿಯಬಹುದು.

ಉಪ್ಪಿನ ಲೆಕ್ಕವನ್ನು ಇಂದು ಮತ್ತೆ ಹೇಳಬೇಕಾದ ಕಾರಣಗಳಿವೆ. ಭೂಮಿ ಎಳೆಯದು ಎಂದು ಸಾಧಿಸಹೊರಟವರು ಈಗಲೂ ಜೋಲಿಯವರ ಭಾಗಾಕಾರವನ್ನು, ಹಿಂಬಾಗಿಲಿನ ಮಾತನ್ನು ಬದಿಗಿಟ್ಟು, ಮುಂದಿಡುತ್ತಾರೆ. ಅದಕ್ಕಿಂತ ದೊಡ್ಡದು ಇಂಗಾಲದ ಪ್ರಶ್ನೆ. ನಾವು ಉರಿಸಿ ಬಿಡುವ ಇಂಗಾಲದ ಡೈಆಕ್ಸೈಡಿನ ಸುಮಾರು ಕಾಲುಭಾಗವನ್ನು ಕಡಲು ಹೀರಿಕೊಳ್ಳುತ್ತಿದೆ. ಕೈಗಾರಿಕಾ ಯುಗ ಶುರುವಾದಾಗಿನಿಂದ ಮೇಲ್ಮೈ ನೀರಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಕಡಲು ದೊಡ್ಡದು, ಎಲ್ಲವನ್ನೂ ಸರಿಮಾಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ಸರಿಮಾಡಿಕೊಳ್ಳುವುದು ನಿಜ. ಮರ್ರೆ ಕಂಡ ಆ ಸುಣ್ಣದ ಕೆಸರೇ ಕರಗಿ ಹುಳಿಯನ್ನು ತಣಿಸುತ್ತದೆ. ಆದರೆ ಆ ಕೆಲಸಕ್ಕೆ ಹಿಡಿಯುವುದು ಸಾವಿರಾರು ವರ್ಷ. ನೆಲದ ಬಂಡೆಗಳು ಕರಗಿ ಪೂರ್ತಿ ಸಮತೋಲ ಬರಲು ಲಕ್ಷಾಂತರ ವರ್ಷ. ನಾವು ಸುರಿಯುತ್ತಿರುವುದು ದಶಕಗಳ ಲೆಕ್ಕದಲ್ಲಿ. ಕಡಲು ಸರಿಹೋಗುತ್ತದೆಯೇ ಎಂದು ಕೇಳುವಾಗ ಎಷ್ಟು ಕಾಲದಲ್ಲಿ ಎಂದೂ ಜೊತೆಗೆ ಕೇಳಬೇಕು. ಈ ಪ್ರಶ್ನೆ ಕೇಳುವುದನ್ನು ನಮಗೆ ಕಲಿಸಿದ್ದು ಆ ತಪ್ಪು ಹೆಸರಿನ ಭಾಗಾಕಾರ.

ಇದಕ್ಕೇ ಇಂದಿಗೂ ಸಾಗರ ರಸಾಯನದ ಪಾಠಗಳಲ್ಲಿ ಜೋಲಿಯವರ ಹೆಸರು ಬರುತ್ತದೆ. ಆ ಲೆಕ್ಕ ಮಾಡುವ ವಿದ್ಯಾರ್ಥಿ ಉತ್ತರ ಬಂದ ಕೂಡಲೇ ಪುಟ ತಿರುಗಿಸಬಾರದು. ಬಂದ ಅಂಕಿಯ ಪಕ್ಕದಲ್ಲಿ ತಾನು ಒಪ್ಪಿಕೊಂಡದ್ದೇನು ಎಂದು ಒಂದು ಸಾಲು ಬರೆದುಕೊಳ್ಳಬೇಕು. ಜೋಲಿಯವರ ಲೆಕ್ಕದಲ್ಲಿ ಆ ಸಾಲು ಹೀಗಿರುತ್ತಿತ್ತು: ಒಳಬಂದದ್ದು ಹೊರಹೋಗಿಲ್ಲ ಎಂದು ಇಟ್ಟುಕೊಂಡಿದ್ದೇನೆ.